ಅಧಿಸೂಚನೆ ತಡವಾಗಲಿ: ಸಪ್ತಾಪುರದ ಮನೆ ಮಾಲೀಕನ ಕೃತಜ್ಞತಾ ಪತ್ರ

ಗೆ,
ರಾಜ್ಯದ ಸಮಸ್ತ ನೇಮಕಾತಿ ಆಯೋಗಗಳು, ಮಂಡಳಿಗಳು, ಪ್ರಾಧಿಕಾರಗಳು ಹಾಗೂ ಇವರೆಲ್ಲರ ಕಡತಗಳು ವಿಶ್ರಮಿಸುವ ಟೇಬಲ್ಲುಗಳ ಅಧಿಕಾರಿಗಳು.

ವಿಷಯ: ಪರೀಕ್ಷೆಗಳನ್ನು ಮುಂದೂಡುತ್ತ ಬಂದಿರುವುದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ, ಮತ್ತು ಇನ್ನು ಮುಂದೆಯೂ ಹೀಗೆಯೇ ನಡೆಸಿಕೊಂಡು ಹೋಗಲು ಕೋರಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಧಾರವಾಡದ ಸಪ್ತಾಪುರದಲ್ಲಿರುವ ಒಬ್ಬ ಸಣ್ಣ ಮನೆ ಮಾಲೀಕ. ಸರ್ಕಾರಿ ನೌಕರಿಯಿಂದ ನಿವೃತ್ತನಾದಾಗ ಬಂದ ರೊಕ್ಕವನ್ನೆಲ್ಲ ಇಟ್ಟಿಗೆ, ಸಿಮೆಂಟಿಗೆ ಸುರಿದು ಮನೆಯ ಮೇಲೆ ಎರಡು ಅಂತಸ್ತು ಎಬ್ಬಿಸಿದೆ. ಎಂಟು ಖೋಲಿ, ಖೋಲಿಗಿಬ್ಬರು ಹುಡುಗರು. ಎಲ್ಲರೂ ನಿಮ್ಮ ಅಭ್ಯರ್ಥಿಗಳೇ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಹೀಗೆ ವರ್ಣಮಾಲೆಯಲ್ಲಿರುವ ಅಕ್ಷರಗಳನ್ನೆಲ್ಲ ಜೋಡಿಸಿಕೊಂಡು ಕುಳಿತಿದ್ದಾರೆ.

ನನ್ನ ತಮ್ಮನ ಮಗ ಮೊಬೈಲಿನಲ್ಲಿ ಅದೇನೇನೋ ನೋಡುತ್ತಾನೆ. ಒಂದು ದಿನ, “ಕಾಕಾ, ನಿಮ್ಮದು ಪ್ಯಾಸಿವ್ ಇನ್‌ಕಮ್ ಐತ್ರಿ. ನೀವು ಮಲ್ಕೊಂಡ್ರೂ ರೊಕ್ಕ ಬರ್ತಾವು” ಅಂದ. ಒಳಗಿನಿಂದ ನಮ್ಮ ಮನೆಯವಳು ಕೇಳಿದಳು: “ಮಲ್ಕೊಂಡ್ರ ನಳದ ನೀರು ಯಾರು ಹಿಡೀತಾರಪಾ?”

ನೀರಿನ ಮಾತು ಆಮೇಲೆ. ಮೊದಲು ತಮ್ಮ ಉಪಕಾರ ನೆನೆಯಬೇಕು.

ಈ ಅವಳಿ ನಗರದಲ್ಲಿ ಬಾಡಿಗೆದಾರರಿಗೆ ಬರವಿಲ್ಲ. ಆದರೆ ನಂಬಿಕೆಯ ಬಾಡಿಗೆದಾರ ಯಾರು? ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನ ಬೀಗರೊಬ್ಬರು ಇಂಜಿನಿಯರಿಂಗ್ ಹುಡುಗರಿಗೆ ಖೋಲಿ ಕೊಟ್ಟಿದ್ದಾರೆ. ನಾಲ್ಕು ವರ್ಷ ಮುಗಿಯಿತೆಂದರೆ ಗಂಟು ಕಟ್ಟಿ ಬೆಂಗಳೂರು ಬಸ್ಸು ಹತ್ತುತ್ತಾರೆ. 2008ರಲ್ಲಿ ಹೈಕೋರ್ಟ್ ಪೀಠ ಬಂತು, ಆದರೆ ವಕೀಲರಿಗೆ ಮನೆ ಕೊಡುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. 2016ರಲ್ಲಿ ಐಐಟಿ ಬಂದಾಗ ಪೇಢಾ ಹಂಚಿದೆವು. ಅವರು ಚಿಕ್ಕಮಲ್ಲಿಗವಾಡದ ಬಳಿ ತಮ್ಮದೇ ಹಾಸ್ಟೆಲ್ ಕಟ್ಟಿಕೊಂಡು ಕೂತರು, ಪೇಢೆಯ ಖರ್ಚೂ ಗಿಟ್ಟಲಿಲ್ಲ. ಡಿಗ್ರಿಗೆ ಕೊನೆಯ ಸೆಮಿಸ್ಟರ್ ಅಂತ ಒಂದಿರುತ್ತದೆ. ತಯಾರಿಗೆ ಇರುವುದಿಲ್ಲ. ಆ ಕೊನೆ ಬಾರದ ಹಾಗೆ ನೋಡಿಕೊಂಡವರು ತಾವು.

ನಿಮ್ಮ ಸಾಧನೆ ಮಂದಿ ಮರೆತಿರಬಹುದು, ನನ್ನ ಬಾಡಿಗೆ ಡೈರಿ ಮರೆತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಈ ನಡುವೆ ನನ್ನ ಮೂರು ಖೋಲಿಗಳು ಒಂದು ದಿನವೂ ಖಾಲಿ ಬೀಳಲಿಲ್ಲ. ಓದಿ ಪಾಸಾಗಿದ್ದವನೂ ಇದ್ದ, ಫೇಲಾದವನೂ ಇದ್ದ. ಬಾಡಿಗೆ ಇಬ್ಬರದೂ ಒಂದೇ.

384 ಹುದ್ದೆಗಳ ಕೆಎಎಸ್ ಇನ್ನೂ ಸೊಗಸು. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರಶ್ನೆಗಳ ಕನ್ನಡ ಅನುವಾದ ಹೇಗಿತ್ತೆಂದರೆ, ಕನ್ನಡದಲ್ಲಿ ಓದಿ ಉತ್ತರ ಬರೆಯಬೇಕಾದವರು ಪ್ರಶ್ನೆ ಯಾವುದೆಂದು ಹುಡುಕಿದರು. ಡಿಸೆಂಬರ್ 29ರಂದು ಮತ್ತೆ ಬರೆಸಿದಿರಿ. ಮತ್ತೆ ಅದೇ ದೂರು. ಆ ಅನುವಾದಕರ ವಿಳಾಸ ಸಿಕ್ಕಿದ್ದರೆ ಒಂದು ಶಾಲು ಹೊದಿಸಿ ಬರುತ್ತಿದ್ದೆ. ಇನ್ನು 2011ನೇ ಸಾಲಿನ 362 ಹುದ್ದೆಗಳಿಗೆ ಆಯ್ಕೆಯಾದವರ ಪಟ್ಟಿಯನ್ನು 2014ರಲ್ಲಿ ಸರ್ಕಾರ ರದ್ದು ಮಾಡಿ, ಕೊನೆಗೆ ಅದೇ ಪಟ್ಟಿಯನ್ನು ಊರ್ಜಿತಗೊಳಿಸಲು 2022ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಹನ್ನೊಂದು ವರ್ಷ! ಯಾವ ಬ್ಯಾಂಕಿನ ಠೇವಣಿಗೆ ಇಂಥ ಅವಧಿಯ ಖಾತ್ರಿ ಇದೆ, ಹೇಳಿ.

2024ರ ಅಕ್ಟೋಬರ್‌ನಲ್ಲಿ, ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದಕ್ಕೆ ನನ್ನ ತಕರಾರಿಲ್ಲ. ಮೂವತ್ತು ವರ್ಷ ಕೇಳಿದವರಿಗೆ ಕೊಡಲು ನೆನಪಾದದ್ದು ಎಲ್ಲರ ನೇಮಕಾತಿ ನಿಲ್ಲಿಸುವ ಹೊತ್ತಿಗೇ ಎಂಬುದಷ್ಟೇ ನನ್ನ ಮೆಚ್ಚುಗೆ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಧಾರವಾಡದಲ್ಲಿ ಸಾವಿರಾರು ಹುಡುಗ ಹುಡುಗಿಯರು ರಸ್ತೆಗಿಳಿದರು. ನೇಮಕಾತಿ ಮಾಡಿ, ವಯಸ್ಸು ಮೀರುತ್ತಿದೆ ಎಂದು ಕೂಗಿದರು. ನನ್ನ ಖೋಲಿಯವರೂ ಹೋಗಿದ್ದರು. ನನಗೆ ಎದೆ ಧಸಕ್ಕೆಂದಿತು, ಎಲ್ಲಿ ನೀವು ಹೆದರಿ ನೌಕರಿ ಕೊಟ್ಟುಬಿಡುತ್ತೀರೋ ಎಂದು. ನೀವು ಜಾಣರು. ವಯೋಮಿತಿಯಲ್ಲಿ ಮೂರು ವರ್ಷ ಸಡಿಲಿಕೆ ಕೊಟ್ಟಿರಿ. ಅವರು ನೌಕರಿ ಕೇಳಿದರು, ನೀವು ವಯಸ್ಸು ಕೊಟ್ಟಿರಿ! ಮೂರು ವರ್ಷವೆಂದರೆ ಮೂವತ್ತಾರು ತಿಂಗಳ ಬಾಡಿಗೆ. ಅಂದು ರಾತ್ರಿ ನಮ್ಮ ಮನೆಯಲ್ಲಿ ಹೋಳಿಗೆ.

ಕಾನೂನೂ ನನ್ನ ಕಡೆಗೇ ಇದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಎನ್ನುತ್ತದೆ 1908ರ ಕಾಯ್ದೆ. ಅದಕ್ಕೇ ಬಾಂಡ್ ಪೇಪರಿನ ಮೇಲೆ ಹನ್ನೊಂದು ತಿಂಗಳು ಬರೆಸುತ್ತೇನೆ, ಪ್ರತಿ ಹನ್ನೊಂದು ತಿಂಗಳಿಗೆ ಬಾಡಿಗೆ ಏರಿಸುತ್ತೇನೆ. ಆದಾಯ ತೆರಿಗೆಯವರಂತೂ ದೇವರಂಥವರು. ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಪ್ರತಿಶತ 30ರಷ್ಟನ್ನು ರಿಪೇರಿ ಇತ್ಯಾದಿ ಲೆಕ್ಕಕ್ಕೆ ಬಿಟ್ಟುಬಿಡುತ್ತಾರೆ. ರಿಪೇರಿ ಮಾಡಿಸಿದ ಚೀಟಿ ಕೇಳುವುದಿಲ್ಲ. ಕೇಳಿದ್ದರೆ ಕಷ್ಟವಿತ್ತು. ಮೇಲಿನ ಮಹಡಿಯ ಬಚ್ಚಲಿನ ಗೋಡೆ ಮಳೆಗಾಲದಲ್ಲಿ ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಸಮ ಹಸಿ. 2023ರಲ್ಲಿ ಗೃಹಜ್ಯೋತಿ ಬಂದು ಹೆಸ್ಕಾಂ ಬಿಲ್ಲು ಸೊನ್ನೆಯಾಯಿತು. ಹುಡುಗರಿಂದ ತಿಂಗಳಿಗೆ ವಸೂಲು ಮಾಡುತ್ತಿದ್ದ ಕರೆಂಟಿನ ಇನ್ನೂರು ರೂಪಾಯಿಯನ್ನು ನಾನು ನಿಲ್ಲಿಸಲಿಲ್ಲ. ಹಳೆಯ ಪದ್ಧತಿ, ಏಕಾಏಕಿ ಮುರಿಯಬಾರದು.

ಇನ್ನು ನೀರು. ಇಲ್ಲಿ ಮಾತ್ರ ನನ್ನ ನಿದ್ದೆ ಕೆಡುತ್ತದೆ. ದಿನವಿಡೀ ನೀರು ಕೊಡುವ ಯೋಜನೆ ಈ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಲ್ಲೇ ಶುರುವಾಗಿ, ದೇಶಕ್ಕೇ ಮಾದರಿ ಎಂದು ದೂರದ ಊರಿನವರು ನೋಡಲು ಬಂದರು. ಎಷ್ಟೋ ಓಣಿಗಳವರು ಮಾತ್ರ ಮಲಪ್ರಭೆಯ ದಾರಿ ಕಾಯುತ್ತ ನಾಲ್ಕೈದು ದಿನಕ್ಕೊಮ್ಮೆ ಕೊಡ ಹಿಡಿದು ನಿಂತಿದ್ದಾರೆ. ನಳ ಬರುವುದು ನಸುಕಿನಲ್ಲೋ ನಡುರಾತ್ರಿಯಲ್ಲೋ, ಬಿಟ್ಟವರಿಗೇ ಗೊತ್ತು. ಎದ್ದು ಮೋಟಾರು ಹಚ್ಚಬೇಕು, ಟಾಕಿ ತುಂಬಿತೇ ನೋಡಬೇಕು. ಹದಿನಾರು ಹುಡುಗರಿಗೆ ಒಂದು ಸಿಂಟೆಕ್ಸ್ ಟಾಕಿ. ಯಾವನೋ ಭಾನುವಾರ ಜೀನ್ಸ್ ತೊಳೆದನೆಂದರೆ ಸೋಮವಾರ ಸಂಡಾಸಕ್ಕೆ ನೀರಿಲ್ಲ. ಎಮ್ಮೆ ಕಟ್ಟಿದವನಿಗೂ ನನಗೂ ಅಷ್ಟೇ ವ್ಯತ್ಯಾಸ: ಎಮ್ಮೆ ತಕರಾರು ಬರೆದು ಬಾಗಿಲಿಗೆ ಅಂಟಿಸುವುದಿಲ್ಲ. ಆದರೂ ಇದನ್ನು ದುಡಿಮೆ ಎನ್ನಲಾರೆ.

ದುಡಿಮೆ ನಡೆಯುತ್ತದೆ, ಇಲ್ಲವೆಂದಲ್ಲ. ಅದು ಕುಷ್ಟಗಿಯಲ್ಲೋ ರೋಣದಲ್ಲೋ ಸಿಂದಗಿಯಲ್ಲೋ ನಡೆಯುತ್ತದೆ. ಉಳ್ಳಾಗಡ್ಡಿ ರೇಟು ಬಿದ್ದ ತಿಂಗಳು ಒಂಬತ್ತನೇ ತಾರೀಕಾದರೂ ಬಾಡಿಗೆ ಬರುವುದಿಲ್ಲ. ಕೇಳಲು ಹೋದರೆ ಹುಡುಗ ಪುಸ್ತಕದಿಂದ ತಲೆ ಎತ್ತದೆ, “ಅಪ್ಪ ಸಂತಿಗೆ ಹೋಗ್ಯಾನ್ರಿ ಅಂಕಲ್, ಸಂಜಿಗೆ ಫೋನ್‌ಪೇ ಮಾಡ್ತಾನ” ಎನ್ನುತ್ತಾನೆ. ಸಂಜೆ ಬಂದೇ ಬರುತ್ತದೆ. ಎಲ್ಲಿಂದ ಸಾಲ ತಂದನೆಂದು ಕೇಳುವ ಕೆಟ್ಟ ಚಾಳಿ ನನಗಿಲ್ಲ. ನನ್ನ ಹಿರಿಯ ಮಗ ಬೆಂಗಳೂರಿನಲ್ಲಿ ಬಾಡಿಗೆಗಿದ್ದಾನೆ. ಅವನ ಮಾಲೀಕನಿಗೆ ಮಾತ್ರ ಕರುಳೇ ಇಲ್ಲ.

ಹುಡುಗರು ಒಮ್ಮೊಮ್ಮೆ ಕೇಳುತ್ತಾರೆ: “ಅಂಕಲ್, ನೀವು ನೌಕರಿಗೆ ಎಷ್ಟು ಅಟೆಂಪ್ಟ್ ಕೊಟ್ಟಿದ್ರಿ?” ಒಂದೇ ಅರ್ಜಿ, ಒಂದೇ ಪರೀಕ್ಷೆ, ಆಮೇಲೆ ಮನೆಗೇ ಆರ್ಡರು ಬಂತು. ಅದನ್ನು ಹೇಳಿದರೆ ಅವರ ಮನಸ್ಸು ಕೆಡುತ್ತದೆ, ಓದಿಗೆ ತೊಂದರೆ. ಹಾಗಾಗಿ ಕಷ್ಟಪಟ್ಟೆನೆಂದು ಹೇಳುತ್ತೇನೆ.

ಆದಕಾರಣ ತಮ್ಮಲ್ಲಿ ವಿನಂತಿ. ವರ್ಷದ ಪರೀಕ್ಷಾ ವೇಳಾಪಟ್ಟಿಯನ್ನು ದಯವಿಟ್ಟು ಪಾಲಿಸಬೇಡಿ. ಕೀ ಉತ್ತರಗಳಲ್ಲಿ ಒಂದೆರಡು ತಪ್ಪು ತಪ್ಪದೆ ಇರಲಿ, ಕೋರ್ಟಿಗೆ ಹೋಗುವವರಿಗೆ ದಾರಿ ದೂರವಿಲ್ಲ. ಖಾಲಿ ಹುದ್ದೆಗಳನ್ನೆಲ್ಲ ಒಮ್ಮೆಗೇ ತುಂಬುವ ದುಡುಕು ಬೇಡ. ಅಕಸ್ಮಾತ್ ತುಂಬಿದರೆ, ಸಪ್ತಾಪುರದ ಖೋಲಿ ಮಾಲೀಕರು, ಮೆಸ್ಸಿನವರು, ಝೆರಾಕ್ಸ್ ಅಂಗಡಿಯವರು, ತಾಸಿನ ಲೆಕ್ಕದಲ್ಲಿ ಕುರ್ಚಿ ಬಾಡಿಗೆ ಕೊಡುವ ಲೈಬ್ರರಿಯವರು, ಎಲ್ಲರೂ ನಿರಾಶ್ರಿತರಾಗುತ್ತೇವೆ. ನಮಗೊಂದು ಪರಿಹಾರ ಪ್ಯಾಕೇಜ್ ಘೋಷಿಸಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಮಾಲೀಕ

ವಿ.ಸೂ.: ಮೂರನೇ ಅಂತಸ್ತಿನಲ್ಲಿ ಒಬ್ಬರಿಗೆ ಜಾಗ ಖಾಲಿ ಇದೆ. ಇದ್ದವನಿಗೆ ನೌಕರಿ ಸಿಕ್ಕಿತೆಂದು ತಿಳಿಯಬಾರದು. ಸಡಿಲಿಸಿದ ವಯಸ್ಸೂ ಮೀರಿತು, ಊರಿಗೆ ಹೋದ. ಮೂರು ತಿಂಗಳ ಅಡ್ವಾನ್ಸ್, ಕರೆಂಟು ಬೇರೆ. ಈ ವರ್ಷವಷ್ಟೇ ಡಿಗ್ರಿ ಮುಗಿಸಿದವರಿಗೆ ಆದ್ಯತೆ.