ಟೀ ಅಂಗಡಿಯ ಔಷಧ ಮಂಡಳಿಗೆ ಬಹಿರಂಗ ಪತ್ರ

ಹೊಸೂರು, ಡೆಂಕಣಿಕೋಟೆ, ತಳಿ, ಶೂಳಗಿರಿ ಎಂದು ಬೆಂಚಿದ್ದಲ್ಲೆಲ್ಲ ಶಾಖೆ ತೆರೆದಿರುವ ಮಹಾಮಹಿಮರೇ,

ಬಿ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯರಿಗೆ ಯಾವ ಮದ್ದು ಯಾರಿಗೆ, ಎಷ್ಟು, ಯಾವ ಹೊತ್ತಿಗೆ, ಕೊಟ್ಟಮೇಲೆ ಏನೇನು ನೋಡಬೇಕು ಎಂದು ಕಲಿಯಲು ನಾಲ್ಕು ವರ್ಷ ಬೇಕು. ತಮಗೆ ಅರ್ಧ ಟೀ ಸಾಕು. ದೊಡ್ಡವರು!

ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಹುಡುಕಿ ಬರುವ ವೈದ್ಯ) ಯೋಜನೆಯನ್ನು ಆಗಿನ ಮುಖ್ಯಮಂತ್ರಿ ಸ್ಟಾಲಿನ್ 2021ರ ಆಗಸ್ಟ್ 5ರಂದು ಶುರು ಮಾಡಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಅಂದಿನಿಂದ ಬಿಪಿ, ಶುಗರ್ ಮಾತ್ರೆ ಮನೆ ಬಾಗಿಲಿಗೇ ಬರುತ್ತಿದೆ. ಹಿಂದೆಯೇ ತಮ್ಮ ತೀರ್ಪೂ ಬಂತು: “ಬಿಟ್ಟಿ ಮಾತ್ರೆ, ಪವರ್ ಇರಲ್ಲ.” ಮರುವಾರ ಇನ್ನೊಂದು: “ಅಯ್ಯೋ, ಸಿಕ್ಕಾಪಟ್ಟೆ ಹೀಟು, ಕಿಡ್ನಿ ತೆಗೆದುಬಿಡುತ್ತೆ.” ಪವರೇ ಇಲ್ಲದ್ದು ಕಿಡ್ನಿ ತೆಗೆಯುವ ವಿದ್ಯೆ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ಬಿಪಿಗೆ ಎನಲಾಪ್ರಿಲ್ ನುಂಗುವ ಅಜ್ಜನಿಗೆ ಒಣಕೆಮ್ಮು ಹತ್ತಿದಾಗ ತಮ್ಮ ಮಂಡಳಿ ತುರ್ತುಸಭೆ ಸೇರಿತು. ತುಳಸಿ ಕಷಾಯವಾಯಿತು, ಮೆಡಿಕಲ್ ಶಾಪಿನ ಸಿರಪ್ಪಾಯಿತು, “ಟಿಬಿ ಇರಬೇಕು ಬಿಡು” ಎಂಬ ಪಿಸುಮಾತೂ ಆಯಿತು. ಯೋಜನೆಯಡಿ ಮನೆಗೆ ಬರುವ ನರ್ಸಮ್ಮ ಒಂದೇ ಪ್ರಶ್ನೆ ಕೇಳಿದಳು: “ತಾತಾ, ಕೆಮ್ಮು ಮೊದಲೋ, ಮಾತ್ರೆ ಮೊದಲೋ?” ಆ ಮದ್ದಿಗೆ ಕೆಲವರಲ್ಲಿ ಕೆಮ್ಮು ತರಿಸುವ ಗುಣವಿದೆ, ಡಾಕ್ಟರಿಗೆ ಹೇಳಿದರೆ ಬೇರೆ ಬರೆದುಕೊಡುತ್ತಾರೆ ಎಂದಳು. ಇಷ್ಟು ಸಣ್ಣ ಪ್ರಶ್ನೆ ತಮ್ಮ ಗಾಂಭೀರ್ಯಕ್ಕೆ ಹೊಳೆಯದಿದ್ದುದು ಸಹಜವೇ.

ಗಡಿ ವ್ಯವಹಾರದಲ್ಲಂತೂ ತಮಗೆ ಸಾಟಿಯಿಲ್ಲ. ಅತ್ತಿಬೆಲೆ ದಾಟಿ ಬೆಂಗಳೂರಿನಿಂದ ತಂದದ್ದು ಒಂದು ಮಾತ್ರೆ ಪಟ್ಟಿ, ಇಲ್ಲಿ ಬಿಟ್ಟಿ ಸಿಕ್ಕಿದ್ದು ಇನ್ನೊಂದು. ಮುಂದುಗಡೆ ಬೇರೆ ಬೇರೆ ಹೆಸರು, ಹಿಂದುಗಡೆಯ ಇರುವೆ ಅಕ್ಷರದಲ್ಲಿ ಎರಡರಲ್ಲೂ ಅಮ್ಲೋಡಿಪಿನ್. ತಮ್ಮ ಆಜ್ಞೆ: “ಬೆಂಗಳೂರಿಂದು ಹಾರ್ಟಿಗೆ, ಇಲ್ಲಿಂದು ಬಿಪಿಗೆ, ಎರಡೂ ನುಂಗು.” ನುಂಗಿದವರ ಕಾಲು ಊದಿಕೊಂಡಿತು. ಡೋಸು ಏರಿದಷ್ಟೂ ಈ ಮದ್ದಿನಲ್ಲಿ ಕಾಲೂತ ಹೆಚ್ಚು ಎಂಬುದು ನರ್ಸಮ್ಮನಿಗೆ ಗೊತ್ತು. ತಾವು ಉಪ್ಪುನೀರಿನ ಬಕೆಟ್ ತರಿಸಿದಿರಿ. ನೋವಿಗೆಂದು ಡೈಕ್ಲೋಫೆನಾಕ್ ಬೇರೆ ಕೊಡಿಸಿದಿರಿ. ಅದು ಬಿಪಿಯನ್ನೇ ಏರಿಸಬಲ್ಲದು ಎಂಬ ಕ್ಷುಲ್ಲಕ ಸಂಗತಿಯನ್ನು ಬಿಡಿ. ಇನ್ನು, ಉಪವಾಸದ ದಿನವೂ ಶುಗರ್ ಮಾತ್ರೆ ಗ್ಲಿಬೆನ್‌ಕ್ಲಮೈಡ್ ನುಂಗಿ ಬೆವೆತು ನಡುಗಿದ ಅಮ್ಮನಿಗೆ ತಾವು ತೆಗೆಸಿದ್ದು ದೃಷ್ಟಿ. ನರ್ಸಮ್ಮ ತೆಗೆದದ್ದು ಸಕ್ಕರೆ ಡಬ್ಬಿ.

ತಪ್ಪೆಲ್ಲ ತಮ್ಮದೇ ಎನ್ನಲಾರೆ. ನರ್ಸಮ್ಮನಿಗೆ ಮುಗಿಸಬೇಕಾದ ಮನೆಗಳ ಪಟ್ಟಿ ಉದ್ದ, ಮಾತಾಡಲು ಹೊತ್ತು ಗಿಡ್ಡ. ನಾವೂ ಮಾತ್ರೆಗೆ ಕೈ ಚಾಚುತ್ತೇವೆ, ಪ್ರಶ್ನೆಗೆ ಬಾಯಿ ತೆರೆಯುವುದಿಲ್ಲ. ಆ ಪ್ರಶ್ನೆಗಳನ್ನೆಲ್ಲ ಭದ್ರವಾಗಿ ತಂದು ತಮ್ಮ ಬೆಂಚಿಗೆ ಸುರಿಯುತ್ತೇವೆ.

ಆದ್ದರಿಂದ ತಮ್ಮ ಜ್ಞಾನ ದೇಶಕ್ಕೂ ದಕ್ಕಲಿ ಎಂದು ಒಂದು ಬಿನ್ನಹ. ಮದ್ದಿನ ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಉಚಿತ ನಂಬರಿದೆ. ಡಾಕ್ಟರು, ನರ್ಸು ಮಾತ್ರವಲ್ಲ, ಮದ್ದು ನುಂಗಿದವರೂ ಹೇಳಬಹುದು. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಾಕೋಪಿಯಾ ಆಯೋಗಕ್ಕೆ ಸುದ್ದಿ ಮುಟ್ಟುತ್ತದೆ. ದಯವಿಟ್ಟು ಫೋನು ಮಾಡಿ. ಅವರು ಮದ್ದಿನ ಹೆಸರು ಕೇಳುತ್ತಾರೆ. “ಬೆಳ್ಳಗೆ, ದುಂಡಗೆ ಇದೆ ಸ್ವಾಮಿ” ಎಂದು ಧೈರ್ಯವಾಗಿ ಹೇಳಿ.

ಇಂತಿ,
ತಮ್ಮ ಚಿಕಿತ್ಸೆಯಿಂದ ಇದುವರೆಗೆ ತಪ್ಪಿಸಿಕೊಂಡಿರುವ ಒಬ್ಬ ಬಿಪಿ ರೋಗಿ