ನಳಿಗೆಯ ಗಂಟು ಎಲ್ಲಿರಬೇಕು?

"ತಮ್ಮಾ, ಇದು ತಪ್ಪೈತಿ ನೋಡು. ಟ್ಯಾಂಕಿನ ನಳಿಗಿಗೆ ಗಂಟು ನಡುವ ಇರತೈತಿ. ನೀ ತುದೀಗ ಹಚ್ಚೀಯಲ್ಲ?"

ಬೇಲಿಯಾಚೆಯಿಂದ ಹೀಗೆ ಕೇಳಿದವರು ಕಾಕಾ. ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಘಟಪ್ರಭೆಯ ನೀರಿನ ಬಲವನ್ನೇ ನಂಬಿ 1885ರಲ್ಲಿ ಹುಟ್ಟಿದ ನೂಲಿನ ಗಿರಣಿ ನಮ್ಮ ಗೋಕಾಕ ಫಾಲ್ಸ್‌ನದು. ಅಲ್ಲಿ ಆಯುಷ್ಯ ಸವೆಸಿದವರ ಕಣ್ಣು ಕೂದಲೆಳೆಯಷ್ಟು ಓರೆಯಾದದ್ದನ್ನೂ ಬಿಡುವುದಿಲ್ಲ. ಯಾವುದೋ ಊರಿನ ಸೈನಿಕ ಸ್ಮಾರಕದ ಮುಂದೆ ನಿಲ್ಲಿಸಿದ ಟಿ-55 ಟ್ಯಾಂಕನ್ನು ಕಾಕಾ ಸುತ್ತು ಹಾಕಿ ನೋಡಿ ಬಂದಿದ್ದಾರೆ. ಅದರ ತೋಪಿನ ನಳಿಗೆಯ ನಟ್ಟನಡುವೆ ದಪ್ಪನೆಯ ಗಂಟು ಇದ್ದದ್ದು ಖರೆ. ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಟ್ಯಾಂಕಿನ ಗಂಟು ನಳಿಗೆಯ ಬಾಯಿಯ ಹತ್ತಿರ ಇದ್ದದ್ದೂ ಖರೆ.

"ಕಾಕಾ, ನೀವು ನೋಡಿದ್ದೂ ಬರೋಬರಿ, ನಾ ಹಚ್ಚಿದ್ದೂ ಬರೋಬರಿ. ನೀವು ನೋಡಿದ್ದು ಆಮ್ಯಾಲಿಂದು, ನನಗ ಬೇಕಾದದ್ದು ಮೊದಲಿಂದು" ಅಂದೆ. ಅಷ್ಟಕ್ಕೇ ಬಿಡುವವರಲ್ಲ ಅವರು. ಆ ಗಂಟು ಯಾಕೆ ಇರುತ್ತದೆ, ಅದನ್ನು ಮೊದಲು ಹೇಳು ಅಂದರು.

ಹೇಳಿದೆ. ಗುಂಡು ಹಾರಿದ ಮೇಲೆ ನಳಿಗೆಯ ತುಂಬ ಸುಟ್ಟ ಮದ್ದಿನ ಹೊಗೆ ಉಳಿಯುತ್ತದೆ. ಮುಂದಿನ ಗುಂಡು ತುಂಬಲು ಹಿಂದಿನ ಬಾಗಿಲು ತೆರೆದರೆ ಆ ವಿಷದ ಹೊಗೆಯೆಲ್ಲ ಒಳಗೆ ಕುಳಿತ ಸೈನಿಕರ ಮೂಗಿಗೆ. ಆ ಗಂಟು ಅಂದರೆ ನಳಿಗೆಯ ಸುತ್ತ ಕೂಡಿಸಿದ ಒಂದು ಟೊಳ್ಳು ಡಬ್ಬಿ. ಗುಂಡು ಅದನ್ನು ದಾಟಿ ಹೋಗುವಾಗ ಹಿಂದಿನ ಅನಿಲದಲ್ಲಿ ಒಂದಿಷ್ಟು ಸಣ್ಣ ತೂತುಗಳಿಂದ ಡಬ್ಬಿಗೆ ನುಗ್ಗಿ ಒತ್ತಿಕೊಂಡು ನಿಲ್ಲುತ್ತದೆ. ಗುಂಡು ಹೊರಬಿದ್ದು ನಳಿಗೆಯ ಒತ್ತಡ ಇಳಿದ ಕೂಡಲೆ ಡಬ್ಬಿಯ ಅನಿಲ ಮುಂದಕ್ಕೆ ಚಿಮ್ಮಿ, ಉಳಿದ ಹೊಗೆಯನ್ನೂ ತನ್ನ ಜೊತೆ ಬಾಯಿಯಿಂದಾಚೆ ಎಳೆದೊಯ್ಯುತ್ತದೆ. ರಷ್ಯದವರು ತಮ್ಮ 100 ಮಿಲಿಮೀಟರಿನ ಡಿ-10 ತೋಪಿಗೆ ಈ ಡಬ್ಬಿಯನ್ನು ಬಾಯಿಯ ಹತ್ತಿರ ಕೂಡಿಸಿದರು. ಬ್ರಿಟಿಷರು ತಮ್ಮ 105 ಮಿಲಿಮೀಟರಿನ ಎಲ್-7 ತೋಪಿಗೆ ನಡುವೆ ಕೂಡಿಸಿದರು. ನಮ್ಮ ಸೈನ್ಯ ಟಿ-55 ಟ್ಯಾಂಕುಗಳ ರಷ್ಯನ್ ತೋಪು ತೆಗೆದು ಈ 105ರ ತೋಪು ಹಾಕಿಸಿತು. ಸೇವೆ ಮುಗಿಸಿ ಊರೂರಿನ ಸ್ಮಾರಕಕ್ಕೆ ಬಂದು ನಿಂತವುಗಳಲ್ಲಿ ಅನೇಕವು ಹೀಗೆ ತೋಪು ಬದಲಾದವು.

"ಅಂದ್ರ ಬಾಡಿ ಹಳೇದು, ಸ್ಪಿಂಡಲ್ ಹೊಸಾದು" ಅಂದರು ಕಾಕಾ. ಇಷ್ಟು ಚೊಕ್ಕವಾಗಿ ನನಗೂ ಹೇಳಲಾಗುತ್ತಿರಲಿಲ್ಲ.

ಬಿಡಿ ಭಾಗ ಅಂಟಿಸಿ ಕಟ್ಟುವ ಈ ಪ್ಲಾಸ್ಟಿಕ್ ಟ್ಯಾಂಕಿನ ಕಿಟ್ಟು ಹಳೆಯದು, ಮನೆಯ ಟ್ರಂಕಿನಲ್ಲಿ ಬಹಳ ವರ್ಷ ಬಿದ್ದಿದ್ದದ್ದು. ಅಳತೆ 35ಕ್ಕೆ 1. ಅಸಲಿ ಟ್ಯಾಂಕು ತೋಪು ಸೇರಿ ಒಂಬತ್ತು ಮೀಟರ್. ಮೇಜಿನ ಮೇಲೆ ಅದು ಒಂದು ಗೇಣಿಗಿಂತ ತುಸು ಹೆಚ್ಚು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪಿದಂತೆ. ಈ 35ರ ಲೆಕ್ಕ ಎಲ್ಲಿಂದ ಬಂತು ಎಂದು ಕಾಕಾ ಕೇಳಿದರು, ಯಾಕೆಂದರೆ ಯಾವ ವರ್ಕ್‌ಶಾಪಿನ ಸ್ಕೇಲಿನಲ್ಲೂ ಅವರು ಅದನ್ನು ಕಂಡವರಲ್ಲ. ಅದರ ಹಿಂದಿನ ಕತೆ ನನಗೆ ಇಷ್ಟ. ಜಪಾನಿನ ತಾಮಿಯಾ ಕಂಪನಿ 1960ರ ದಶಕದ ಮೊದಲಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ಟು ಮಾಡುವಾಗ ಅದು ಮೋಟಾರಿನಿಂದ ಓಡಬೇಕಿತ್ತು. ಒಳಗೆ ಬ್ಯಾಟರಿ, ಮೋಟಾರು ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಮಾಡಿದ ಮೇಲೆ ಅಳೆದು ನೋಡಿದರೆ ಅದು 35ಕ್ಕೆ 1 ಬಂದಿತ್ತು. ಅದೇ ಜಗತ್ತಿನ ಲೆಕ್ಕವಾಗಿ ಉಳಿಯಿತು.

ಹಳೆಯ ಕಿಟ್ಟಿಗೆ ಎರಡು ಬಗೆಯ ಕೆಲಸ ಮಾಡಬಹುದು. ಒಂದು, ಇದ್ದದ್ದನ್ನು ಸುಧಾರಿಸುವುದು. ದಪ್ಪಗೆ ಅಚ್ಚಾದ ಹಿಡಿಕೆಯನ್ನು ಕೆತ್ತಿ ತೆಗೆದು ತಂತಿಯ ಹಿಡಿಕೆ ಹಾಕು, ಇಂಜಿನ್ ಮೇಲಿನ ಜಾಳಿಗೆಗೆ ಚಹಾ ಸೋಸುವ ಜಾಳಿಗೆಯ ತುಂಡು ಕತ್ತರಿಸಿ ಹಚ್ಚು, ದೀಪದ ಮೇಲೆ ಪ್ಲಾಸ್ಟಿಕ್ ಕಡ್ಡಿ ಕಾಯಿಸಿ ಎಳೆದು ಏರಿಯಲ್ ಮಾಡು. ಇದಕ್ಕೆ ತಾಳ್ಮೆ ಇದ್ದರೆ ಸಾಕು. ಇನ್ನೊಂದು, ಅದನ್ನು ಕಾಲದಲ್ಲಿ ಹಿಂದಕ್ಕೆ ಒಯ್ಯುವುದು. ಕಿಟ್ಟಿನವರು ಕೊಟ್ಟದ್ದು ನಂತರದ ಮಾದರಿ. ನನಗೆ ಬೇಕಾದದ್ದು ಅದಕ್ಕೂ ಮೊದಲಿನದು. ಇದಕ್ಕೆ ತಾಳ್ಮೆಯೊಂದೇ ಸಾಲದು. ಯಾವುದು ಯಾವಾಗ ಬಂತು, ಯಾವುದು ಯಾವಾಗ ಹೋಯಿತು, ಯಾಕೆ ಹೋಯಿತು ಎಂಬುದು ಗೊತ್ತಿರಬೇಕು. ಹೊಸದಾಗಿ ಸೇರಿಸಿದ್ದು ಯಂತ್ರದ ಮೇಲೆ ಎದ್ದು ಕಾಣುತ್ತದೆ. ತೆಗೆದುಹಾಕಿದ್ದರ ಗುರುತು ಸಿಗುವುದಿಲ್ಲ. ಹಾಗಾಗಿ ಈ ಎರಡನೆಯ ಕೆಲಸಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಯಾವ ಪಡೆಯ ಟ್ಯಾಂಕು ಮಾಡುವುದು ಎಂದಾಗ ನನ್ನ ಮನಸ್ಸು ಹೋದದ್ದು ಡೆಕ್ಕನ್ ಹಾರ್ಸ್ ಪಡೆಯ ಕಡೆ. ಹೈದರಾಬಾದ್ ನಿಜಾಮನ ಕಾಲದ ಕುದುರೆ ದಳದಿಂದ ಬೆಳೆದು ಬಂದ ಪಡೆ ಅದು, ನಮ್ಮ ದಖನ್ನಿನದು. 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ ಕದನದಲ್ಲಿ, ಹೈ ವುಡ್ ಎಂಬ ಕಾಡಿನ ಬಳಿ ಇವರ ಸವಾರರು ಭರ್ಚಿ ಹಿಡಿದು ಕುದುರೆ ಓಡಿಸಿದರು. ಎರಡು ತಿಂಗಳ ಮೇಲೆ ಒಂದು ದಿನ ಕಳೆದು, ಸೆಪ್ಟೆಂಬರ್ 15ರಂದು, ಲೋಕದಲ್ಲೇ ಮೊದಲ ಸಲ ಟ್ಯಾಂಕುಗಳು ಯುದ್ಧಕ್ಕಿಳಿದವು. ಆ ದಿನ ಕೆಲವು ಟ್ಯಾಂಕು ನುಗ್ಗಿದ್ದು ಇದೇ ಹೈ ವುಡ್ ಕಾಡಿನ ಮೇಲೆ. ಇದನ್ನು ಮೊದಲು ಓದಿದಾಗ ನನಗೆ ಪುಸ್ತಕ ಮುಚ್ಚಿಡಲು ಮನಸ್ಸಾಗಲಿಲ್ಲ. ಮುಂದೆ 1965ರ ಅಸಲ್ ಉತ್ತರ್ ಕದನಕ್ಕೆ ಹೋಗುವಾಗ ಡೆಕ್ಕನ್ ಹಾರ್ಸ್‌ನ ಕೈಯಲ್ಲಿದ್ದದ್ದು ಎರಡನೆಯ ಮಹಾಯುದ್ಧದ ಕಾಲದ ಶರ್ಮನ್ ಟ್ಯಾಂಕು. ಎದುರಿಗಿದ್ದದ್ದು ಪಾಕಿಸ್ತಾನದ ಕೈಯಲ್ಲಿದ್ದ ಅಮೆರಿಕದ ಪ್ಯಾಟನ್. 1971ರಲ್ಲಿ ಜಮ್ಮುವಿನ ಛಂಬ್‌ನಲ್ಲಿ ಹೋರಾಡುವಾಗ ಟಿ-54 ಬಂದಿತ್ತು. ನನ್ನ ಕಿಟ್ಟು ಟಿ-55. ಅದನ್ನು ಟಿ-54 ಮಾಡಬೇಕು.

"ಒಂದ ನಂಬರಿನ ಫರಕು, ಏನ ಮಹಾ?" ಅಂದರು ಕಾಕಾ. ಹೊರಗಿನಿಂದ ನೋಡಿದರೆ ಹೌದು. ಅದೇ ಗುಂಡನೆಯ ತಲೆ, ಬದಿಗೆ ಅವೇ ಐದೈದು ಚಕ್ರ, ಮೊದಲನೆಯ ಮತ್ತು ಎರಡನೆಯ ಚಕ್ರದ ನಡುವೆ ಅದೇ ಅಗಲ ಸಂದು. ಫರಕು ತಲೆಯ ಮೇಲಿದೆ. ಟಿ-54ರ ತಲೆಯ ಬಲಗಡೆ, ಗುಂಡು ತುಂಬುವವನ ಬಾಗಿಲಿನ ಮುಂದೆ, ಗಾಳಿ ಎಳೆಯುವ ಪಂಖದ ಮೇಲೆ ಅಣಬೆಯಂಥ ಒಂದು ಉಬ್ಬು ಇರುತ್ತದೆ. ಅದೇ ಬಾಗಿಲಿಗೆ ವಿಮಾನಕ್ಕೆ ಹೊಡೆಯುವ 12.7 ಮಿಲಿಮೀಟರಿನ ಮಶಿನ್‌ಗನ್ ಕೂಡಿಸುವ ಬಳೆಯೂ ಇರುತ್ತದೆ. 1958ರಲ್ಲಿ ಟಿ-55 ಬಂದಾಗ ಅಣುಬಾಂಬಿನ ಕಾಲಕ್ಕೆ ಹೊಂದುವಂತೆ ಒಳಗಿನ ಗಾಳಿಯ ವ್ಯವಸ್ಥೆಯನ್ನೇ ಬದಲಿಸಿದರು, ಉಬ್ಬು ಹೋಯಿತು. ಮೇಲಿನ ಮಶಿನ್‌ಗನ್ನನ್ನೂ ಕೈಬಿಟ್ಟಿದ್ದರು. ಅದು ಮರಳಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಒಳಗಂತೂ ಬಹಳ ಬದಲು: 520 ಅಶ್ವಶಕ್ತಿಯ ಇಂಜಿನ್ 580 ಆಯಿತು, 34 ಗುಂಡು ಹಿಡಿಸುತ್ತಿದ್ದಲ್ಲಿ 43 ಹಿಡಿಸಿದವು. ಒಳಗಿನದು ಮೇಜಿನ ಮೇಲೆ ಕಾಣುವುದಿಲ್ಲ, ನಿಜ. ಆದರೆ ಒಳಗೆ ಏನಾಯಿತು ಎಂದು ತಿಳಿದ ಮೇಲೇ ಹೊರಗಿನ ಆ ಉಬ್ಬಿಗೆ ಅರ್ಥ.

ಉಬ್ಬಿಗೆ ಒಂದು ಪ್ಲಾಸ್ಟಿಕ್ ಮಣಿಯನ್ನು ಪಾಲಿಶ್ ಪೇಪರಿನ ಮೇಲೆ ಅರ್ಧ ತೇದು, ಕೆಳಗೆ ತೆಳುವಾದ ಬಳೆ ಕೂಡಿಸಿ ಹಚ್ಚಿದೆ. ನಳಿಗೆಯದು ಮಾತ್ರ ಬೇರೆಯೇ ಕತೆ. ಹಳೆಯ ಕಿಟ್ಟುಗಳಲ್ಲಿ ನಳಿಗೆ ಎರಡು ಸೀಳಾಗಿ ಬರುತ್ತದೆ. ಎರಡನ್ನೂ ಅಂಟಿಸಿ, ಕೂಡಿದ ಗೆರೆ ಹೋಗುವವರೆಗೆ ತೇಯುತ್ತ ಕುಳಿತರೆ ದುಂಡಗಿರಬೇಕಾದದ್ದು ಚಪ್ಪಟೆಯಾಗುತ್ತದೆ. ಕಾಕಾ ಅದನ್ನು ಬೇಲಿಯ ಮೇಲಿಂದಲೇ ಇಸಿದುಕೊಂಡು ಬೆರಳ ನಡುವೆ ಹೊರಳಿಸಿ ನೋಡಿದರು. ಒಳಗೆ ಹೋಗಿ ಕಾಕೂನ ಹತ್ತಿರ ಬಳಕೆ ತಪ್ಪಿದ್ದ ಅಲ್ಯೂಮಿನಿಯಂ ಸ್ವೆಟರ್ ಸೂಜಿಯೊಂದನ್ನು ಕೇಳಿ ತಂದರು. ಅದನ್ನು ಕೈಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು, "ತಿರುವು, ಗಡಬಡಿ ಮಾಡಬ್ಯಾಡ" ಅಂದರು. ನಾನು ತಿರುವುತ್ತ ಹೋದಂತೆ ಅವರು ಸಣ್ಣ ಕಾನಸವನ್ನು ಅದಕ್ಕೆ ಮುಟ್ಟಿಯೂ ಮುಟ್ಟದಂತೆ ಆನಿಸಿ, ಬುಡದಿಂದ ಬಾಯಿಯವರೆಗೆ ಒಂದೇ ಓಟದಲ್ಲಿ ಎಳೆದರು. ಬುಡ ದಪ್ಪ, ಬಾಯಿ ತೆಳು, ನಡುವೆ ಎಲ್ಲೂ ಮೆಟ್ಟಿಲಿಲ್ಲ. ಗಂಟಿಗೆ ಅಂಟು ಸವರಿದ ಕಾಗದದ ಪಟ್ಟಿಯನ್ನು ಸುತ್ತು ಸುತ್ತಾಗಿ ಸುತ್ತಿ, ಫೆವಿಕ್ವಿಕ್ ಕುಡಿಸಿ, ಒಣಗಿದ ಮೇಲೆ ಅದನ್ನೂ ಹಾಗೆಯೇ ತಿರುವಿ ತೇದರು. ಆಮೇಲೆ ವರ್ನಿಯರ್ ಹಚ್ಚಿ ಓದಿದರು. ನಾನು ಬರೆದುಕೊಂಡಿದ್ದ ಅಳತೆಯನ್ನು ಕೇಳಿದ್ದು ಅದಾದ ಮೇಲೆ. ಎರಡೂ ಕೂಡಿಬಂದವು. ಅಚ್ಚಿನಿಂದ ಬಂದ ಯಾವ ನಳಿಗೆಗೂ ಈ ಕಳೆ ಇರುವುದಿಲ್ಲ.

ಸರಪಳಿ ಪಟ್ಟಿಗಳೂ ಹಳೆಯ ಕಿಟ್ಟಿನ ದೊಡ್ಡ ರೋಗ. ರಬ್ಬರಿನಂಥ ಮೆತ್ತನೆಯ ವಿನೈಲ್ ಅದು. ವರ್ಷಗಟ್ಟಲೆ ಒಂದೇ ಪೆಟ್ಟಿಗೆಯಲ್ಲಿ ಚಕ್ರಗಳಿಗೆ ತಾಗಿಕೊಂಡು ಬಿದ್ದಿದ್ದರೆ ಚಕ್ರದ ಪ್ಲಾಸ್ಟಿಕ್ಕನ್ನೇ ಕರಗಿಸಿ ತಿನ್ನುತ್ತದೆ. ಟ್ರಂಕಿನಲ್ಲಿ ಹಳೆಯ ಕಿಟ್ಟು ಇಟ್ಟುಕೊಂಡವರು ಇವತ್ತೇ ತೆಗೆದು ಆ ಪಟ್ಟಿಗಳನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ಇನ್ನೊಂದು, ಟಿ-54, 55ಕ್ಕೆ ಸರಪಳಿಯನ್ನು ಮೇಲೆತ್ತಿ ಹಿಡಿಯುವ ಸಣ್ಣ ಉರುಳೆಗಳಿಲ್ಲ. ಉಕ್ಕಿನ ಭಾರಕ್ಕೆ ಸರಪಳಿ ಜೋತು ಚಕ್ರಗಳ ಬೆನ್ನ ಮೇಲೆ ಕೂತಿರುತ್ತದೆ. ವಿನೈಲಿಗೆ ಭಾರವೆಲ್ಲಿ? ಬಿಗಿದ ಪಟ್ಟೆಯಂತೆ ನೆಟ್ಟಗೆ ನಿಲ್ಲುತ್ತದೆ, 36 ಟನ್ನಿನ ಯಂತ್ರ ಆಟಿಗೆಯಾಗಿ ಕಾಣುತ್ತದೆ. ಇದಕ್ಕೆ ನಮ್ಮೂರಿನ ಮದ್ದು ನೂಲು. ಚಕ್ರದ ಹಿಂದೆ ಕಾಣದ ಹಾಗೆ ಸಣ್ಣ ತೂತು ಕೊರೆದು, ಹತ್ತಿಯ ಎಳೆ ಪೋಣಿಸಿ, ಪಟ್ಟಿಯನ್ನು ಕೆಳಕ್ಕೆ ಎಳೆದು ಕಟ್ಟಿದೆ. ಎಷ್ಟನೇ ನಂಬರಿನ ನೂಲು ತಡೆಯುತ್ತದೆ ಎಂದು ಕಾಕಾ ಎಳೆಯನ್ನು ಉಗುರಿನಿಂದ ಮೀಟಿ ನೋಡಿಯೇ ಹೇಳಿದರು.

ಟ್ಯಾಂಕಿನ ತಲೆ ಎರಕದ ಉಕ್ಕಿನದು, ಒಡಲು ಬೆಸುಗೆ ಹಾಕಿದ ತಗಡಿನದು. ಕಿಟ್ಟಿನಲ್ಲಿ ಎರಡೂ ಒಂದೇ ನುಣುಪು. ಅಂಟಿನಲ್ಲಿ ಕದಡಿದ ಪುಟ್ಟಿಯನ್ನು ಗಡುಸು ಬ್ರಶ್ಶಿನ ತುದಿಯಿಂದ ತಲೆಯ ಮೇಲಷ್ಟೇ ಕುಟ್ಟಿದರೆ ಎರಕದ ಒರಟು ಬರುತ್ತದೆ. ಒಡಲಿಗೆ ಪುಟ್ಟಿ ತಾಗಿಸಬಾರದು. ಬಣ್ಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಹಸಿರು ಎಲ್ಲರಿಗೂ ಗೊತ್ತು. ಎಡಗಡೆ ಹೊಗೆ ಬಿಡುವ ಬಾಯಿಯ ಸುತ್ತ ಕಪ್ಪು ಮಸಿ ಇರಬೇಕು ಅನ್ನುವುದನ್ನು ಮರೆಯಬಾರದು, ಅಷ್ಟೆ. ಧೂಳಿಗೆ ಮಾತ್ರ ನಮ್ಮ ಹೊಲದ ಎರೆ ಮಣ್ಣು ಹಾಕು ಎಂದು ಕಾಕಾ ಪ್ರೀತಿಯಿಂದ ಹೇಳಿದ್ದನ್ನು ನಾನು ಒಪ್ಪಲಿಲ್ಲ. ಈ ಟ್ಯಾಂಕು ಘಟಪ್ರಭೆಯ ದಂಡೆಗೆ ಬಂದದ್ದಲ್ಲ.

ಇಷ್ಟೆಲ್ಲ ಯಾಕೆ ಎಂದು ನಮ್ಮ ಕಡೆ ಯಾರೂ ಕೇಳಬಾರದು ಅನ್ನುವುದು ನನ್ನ ಮಾತು. ಗೋಕಾಕ ಅಂದರೆ ಕರದಂಟು ಎಷ್ಟೋ ಅಷ್ಟೇ ಕಟ್ಟಿಗೆಯ ಆಟಿಗೆಗಳೂ. ಜೀನಗಾರರು ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಕೊಟ್ಟ ಮಾವು, ಬಾಳೆ, ಬದನೆಗಳನ್ನು ಬುಟ್ಟಿಯಲ್ಲಿಟ್ಟರೆ ಬಂದವರು ಕೈ ಚಾಚುತ್ತಾರೆ. ಅವರು ಬರೀ ಮಾವು ಮಾಡುವುದಿಲ್ಲ, ಹಣ್ಣಾಗುವ ಹದದಲ್ಲಿ ಒಂದು ಮಗ್ಗುಲು ಕೆಂಪೇರಿದ ಮಾವು ಮಾಡುತ್ತಾರೆ. ಆ ಹದವನ್ನು ಹಿಡಿಯುವುದರಲ್ಲೇ ಅವರ ಹೆಚ್ಚುಗಾರಿಕೆ. ಕುದುರೆಗಳಿಗೆ ಜೀನು ಹೊಲಿಯುವುದು ಕುಲಕಸಬಾಗಿದ್ದ ಜನ ಅವರು. ಡೆಕ್ಕನ್ ಹಾರ್ಸ್‌ನ ಕುದುರೆಗಳನ್ನು ನೆನೆದಾಗ ನನಗೆ ಇವರೂ ನೆನಪಾಗುತ್ತಾರೆ. ಈ ಕೈಗಳು ಟ್ಯಾಂಕಿನ ಕೆಲಸಕ್ಕೆ ಕೂತರೆ ನನ್ನಂಥವರು ಹಿಂದೆ ಸರಿದು ನೋಡಬೇಕಾದೀತು.

ಕೊನೆಗೆ ಉಳಿದದ್ದು ಗುರುತು, ನಂಬರು. ಕಾಕಾಗೆ ಅವಸರ: "ಛಂಬ್‌ಗೆ ಹೋದದ್ದು ಅಂತಿ, ಯುದ್ಧದ ಗುರ್ತಾ ಬರದ ಬಿಡು."

ಅಲ್ಲೇ ನಾನು ಕೈ ತಡೆದೆ. ಛಂಬ್‌ನಲ್ಲಿ ಪಾಕಿಸ್ತಾನದವರು ಓಡಿಸಿಕೊಂಡು ಬಂದದ್ದು ಚೀನಾದ ಟೈಪ್-59. ಅದು ಟಿ-54ಎ ಟ್ಯಾಂಕಿನದೇ ನಕಲು. ಅದೇ ತಲೆ, ಅದೇ ಉಬ್ಬು, ಅದೇ ಐದು ಚಕ್ರ. ಧೂಳಿನಲ್ಲಿ, ಹೊಗೆಯಲ್ಲಿ, ದೂರದಿಂದ ನೋಡುವ ಸೈನಿಕನಿಗೆ ಎದುರಿಗೆ ಬರುವುದು ನಮ್ಮದೋ ಅವರದೋ ಹೇಗೆ ತಿಳಿಯಬೇಕು? ಅಂಥ ಕಡೆ ಟ್ಯಾಂಕಿನ ಮೈಮೇಲಿನ ಒಂದೊಂದು ಗುರುತಿಗೂ ಒಳಗಿದ್ದ ನಾಲ್ವರ ಜೀವ ಕಟ್ಟಿಕೊಂಡಿತ್ತು. ಅದನ್ನು ನಾನು ಅಂದಾಜಿನ ಮೇಲೆ ಬ್ರಶ್ಶಿನಿಂದ ಎಳೆಯುವುದೆಂದರೇನು? ಬೆಳಗಾವಿ ಸೀಮೆಯಲ್ಲಿ ಎಷ್ಟು ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ಆ ಮನೆಯವರೊಬ್ಬರು ಬಂದು ನೋಡಿದರೆ ತಲೆಯೆತ್ತಿ ಉತ್ತರ ಕೊಡುವಂತಿರಬೇಕು.

"ಹಂಗಾದ್ರ ಈಗ ಇದು ಯಾವಾಗಿಂದು?" ಅಂದರು ಕಾಕಾ.

1960ರ ದಶಕದಲ್ಲಿ ರಷ್ಯದಿಂದ ಹಡಗಿನಲ್ಲಿ ಬಂದಿಳಿದಾಗ ಇದ್ದಂಥದ್ದು. ಯುದ್ಧ ಇನ್ನೂ ನೋಡಿಲ್ಲ, ಗುರುತು ಇನ್ನೂ ಬರೆದಿಲ್ಲ. ಛಂಬ್‌ನ ಒಂದು ನಂಬಲರ್ಹ ಫೋಟೋ ಸಿಕ್ಕರೆ ಅಲ್ಲಿಯವರೆಗೆ ಮುಂದಕ್ಕೆ ತರೋಣ, ಇಲ್ಲದಿದ್ದರೆ ಇಲ್ಲಿಯೇ ಇರಲಿ ಅಂದೆ.

ಕಾಕಾ ಒಪ್ಪಿದರು. ತಮ್ಮ ಜೊತೆ ಗಿರಣಿಯಲ್ಲಿದ್ದ ಗೆಳೆಯರೊಬ್ಬರ ಅಣ್ಣ ಆರ್ಮರ್ಡ್ ಕೋರ್‌ನಿಂದ ನಿವೃತ್ತರಾಗಿ ಹುಕ್ಕೇರಿ ಕಡೆ ಇದ್ದಾರಂತೆ, ಹಳೆಯ ಫೋಟೋ ಇಟ್ಟಿರಬಹುದು, ಬರುವ ಆಯಿತವಾರ ಹೋಗಿ ಕೇಳಿಬರೋಣ ಅಂದರು.