ಡಬ್ಬೋತ್ತರ ಯುಗದಲ್ಲಿ ಹಿತಕಿದ ಬೇಳೆ: ಒಂದು ಸೈದ್ಧಾಂತಿಕ ಹಿತಕಾಟ

1. ಪ್ರಸ್ತಾವನೆ

ಸಾಂಬಾರಪುಡಿಯು ಅಡುಗೆಮನೆಯ ಡಬ್ಬಿಯಿಂದ ವಿಮೋಚನೆ ಹೊಂದಿ ಮೊಬೈಲಿನ ಪರದೆಯನ್ನು ಪ್ರವೇಶಿಸಿದ ಚಾರಿತ್ರಿಕ ಪಲ್ಲಟವನ್ನು ಕನ್ನಡ ವಿದ್ವಲ್ಲೋಕ ಇನ್ನೂ ಸಮಸ್ಯೀಕರಿಸಿಲ್ಲ. ಈ ಕೊರತೆ ನನಗೆ ಹೊಳೆದದ್ದು ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ. ವಿಷಯ, 'ನೆಲಮೂಲ ಆಹಾರ ಸಂಕಥನ: ತಾತ್ವಿಕ ನೆಲೆಗಳು'. ರಾಗಿಯ ಮೇಲೆ ಮೂರು ಪ್ರಬಂಧ ಮಂಡನೆಯಾದವು. ಮೂರರಲ್ಲೂ ರಾಗಿ 'ಅಸ್ಮಿತೆ'ಯಾಗಿತ್ತು, ಒಂದರಲ್ಲೂ ಮುದ್ದೆಯಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಘೀ ರೈಸು, ಗೋಬಿ ಮಂಚೂರಿ. ಕೈ ತೊಳೆದುಕೊಂಡು ಬಂದವನೇ ಈ ಅಧ್ಯಯನಕ್ಕೆ ಕೈಹಾಕಿದೆ.

2. ವ್ಯಾಪ್ತಿ ಮತ್ತು ಮಿತಿ

ಅಧ್ಯಯನದ ವ್ಯಾಪ್ತಿ ನಾಲ್ಕು ಪಿನ್‌ಕೋಡುಗಳು: ರಾಮನಗರ 562159, ಚನ್ನಪಟ್ಟಣ 562160, ಕನಕಪುರ 562117, ಮಾಗಡಿ 562120. ಪಿನ್‌ಕೋಡು ಈ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಊರನ್ನು ರುಚಿಯಿಂದ ಗುರುತಿಸುತ್ತಿದ್ದರು ಎಂಬುದು ನನ್ನ ಪ್ರಮೇಯ. ಅವರೆಕಾಯಿ ಎಂದರೆ ಮಾಗಡಿ, ಅಷ್ಟೇ, ಅಂಕಿ ಬೇಕಿರಲಿಲ್ಲ. ಮಿತಿ: ಸಂಶೋಧಕನ ಮನೆ ಊರಾಚೆ ಇರುವುದರಿಂದ ಪಾರ್ಸಲ್ಲು ಅರಳಿಕಟ್ಟೆಯವರೆಗೆ ಮಾತ್ರ ಬರುತ್ತದೆ.

3. ವರ್ಗೀಕರಣ

ಆನ್‌ಲೈನ್ ದಿನಸಿಯನ್ನು ಏಳು ಪ್ರಭೇದಗಳಾಗಿ ವಿಂಗಡಿಸಬಹುದು.

(ಅ) ನಾಮಾಂತರಿತ. ಹುಚ್ಚೆಳ್ಳು ಚಟ್ನಿಪುಡಿ 'ನೈಜರ್ ಸೀಡ್ ಸೀಸನಿಂಗ್' ಆಗುವುದು ಈ ಪ್ರಭೇದ. ಹೆಸರಿನಲ್ಲಿದ್ದ ಹುಚ್ಚು ಹೋಗಿ ಬೆಲೆಗೆ ಹತ್ತಿಕೊಳ್ಳುತ್ತದೆ. ಉಪ್ಸಾರಿನ ಖಾರ 'ಗ್ರಾಮೀಣ ಚಿಲ್ಲಿ ಗಾರ್ಲಿಕ್ ಡಿಪ್' ಆಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹುಳಿ, ಜೀರಿಗೆ, ಉಪ್ಪು ಮೊದಲಿದ್ದವೇ. ಹೊಸದಾಗಿ ಸೇರಿದ್ದು ವಿಶೇಷಣ.

(ಆ) ಅಜ್ಜೀಕೃತ. ಯಾವುದೇ ಪುಡಿಯ ಪೊಟ್ಟಣದ ಮೇಲೆ ಬೊಟ್ಟಿಟ್ಟ ಮುದುಕಿಯ ಚಿತ್ರವನ್ನು ಅಚ್ಚೊತ್ತುವ ಪ್ರಕ್ರಿಯೆಗೆ ಅಜ್ಜೀಕರಣ ಎಂದು ಹೆಸರು. ಅಜ್ಜೀಕರಣದಿಂದ ಪುಡಿಯ ಖಾರ ಬದಲಾಗುವುದಿಲ್ಲ, ಬಿಲ್ಲಿನ ಖಾರ ಬದಲಾಗುತ್ತದೆ. ಅಜ್ಜಿ ಸದಾ ನಗುತ್ತಿರುತ್ತಾಳೆ. ನಾನು ಕಂಡ ಅಜ್ಜಿಯರು ಒರಳಿನ ಮುಂದೆ ಕೂತು ಒಬ್ಬರೂ ನಕ್ಕಿಲ್ಲ. 'ಆ ಕಡೆ ಹೋಗ್ರೋ, ಕಣ್ಣಿಗೆ ಖಾರ ಹಾರ್ತದೆ' ಎಂದು ಬಯ್ದಿದ್ದಾರೆ.

(ಇ) ಪುನರಾಗಮಿ. ಇಲ್ಲಿಂದ ಹೋಗಿ ಇಲ್ಲಿಗೇ ಬರುವಂಥದ್ದು. ಉದಾಹರಣೆ, ರಾಗಿ. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಕೇಜಿಗೆ 49ಕ್ಕೂ ಕೆಲವು ಪೈಸೆ ಕಮ್ಮಿ. ಅದನ್ನು ಪಡೆಯಲು ರೈತನೆಂದು ತೋರಿಸುವ ಫ್ರೂಟ್ಸ್ ಐಡಿ ಮಾಡಿಸಿ, ನೋಂದಣಿ ಮಾಡಿಸಿ, ಮೂಟೆ ಇಳಿಸಿ, ಸರದಿಗೆ ಕಾಯಬೇಕು. ಅದೇ ರಾಗಿ ಮೊಳಕೆ ಬಂದು, ಹಿಟ್ಟಾಗಿ, ಕಂದು ಕಾಗದದ ಚೀಲ ತೊಟ್ಟು, ಸೆಣಬಿನ ದಾರ ಕಟ್ಟಿಸಿಕೊಂಡು ಮರಳಿದಾಗ ನಾನು ಅರ್ಧ ಕೇಜಿಗೆ ಕೊಟ್ಟದ್ದು 180. ಚೀಲದ ಮೇಲೆ 'ಬೆಂಗಳೂರಿನ ಹೊರವಲಯದ ಪ್ರಶಾಂತ ಹೊಲಗಳಿಂದ' ಎಂದಿತ್ತು. ಹೊರವಲಯ ಎಂದರೆ ನಾವು! ಆಶ್ಚರ್ಯವೇನಿಲ್ಲ. 2007ರಲ್ಲಿ ರಾಮನಗರ ಎಂದು ಹುಟ್ಟಿದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ಸಚಿವ ಸಂಪುಟವೇ ಒಪ್ಪಿತು. ಜಿಲ್ಲೆಗೇ ಹೊಸ ಲೇಬಲ್ಲು ಅಂಟುವಾಗ ರಾಗಿಯದೇನು ಮಹಾ.

ಪ್ರಶಾಂತ ಹೊಲವಂತೆ. ಕನಕಪುರದ ಕಡೆ ರಾತ್ರಿ ಆನೆ ಕಾಯುತ್ತ ತಮಟೆ ಬಡಿಯುವವರನ್ನು ಕೇಳಬೇಕು ಆ ಪ್ರಶಾಂತಿಯನ್ನು.

ಉಳಿದ ನಾಲ್ಕು ಪ್ರಭೇದಗಳನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ.

4. ಕ್ಷೇತ್ರಕಾರ್ಯ

ಪುಷ್ಯದಲ್ಲಿ ಅಮ್ಮನಿಗೆ ಹಿತಕಿದ ಬೇಳೆ ಸಾರಿನ ಆಸೆಯಾಯಿತು. ಸಂತೆಯಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು. ತರಬಹುದಿತ್ತು. ಆದರೆ ಸುಲಿದು, ರಾತ್ರಿಯಿಡೀ ನೆನೆಸಿ, ಒಂದೊಂದೇ ಕಾಳನ್ನು ಹಿತಕುವವರು ಯಾರು? ಅಮ್ಮನ ಬೆರಳುಗಳು ಕೀಲುನೋವಿನಿಂದ ಸೆಟೆದುಕೊಂಡಿವೆ. ನನ್ನವು ಕೀಲಿಮಣೆ ಕುಟ್ಟಲು ಮಾತ್ರ ಕಲಿತಿವೆ. ಕುಟ್ಟಿದೆ. 'ಮಾಗಡಿ ಸೊಗಡವರೆ, ಕೈಯಲ್ಲಿ ಹಿತಕಿದ್ದು, ಕಾಲು ಕೇಜಿ' ಎಂದು ಬಂತು. ಕಾಯಿಗೊಂದು ಬೆಲೆ, ಸುಲಿದ ಕಾಳಿಗೊಂದು, ಹಿತಕಿದ ಬೇಳೆಗೆ ಇನ್ನೊಂದು. ಸುಲಿಯುವುದಕ್ಕೂ ಸುಲಿಗೆಗೂ ಧಾತು ಒಂದೇ ಎಂಬುದನ್ನು ವ್ಯಾಕರಣ ಬಲ್ಲವರು ಗಮನಿಸಬೇಕು.

ಅರಳಿಕಟ್ಟೆಯ ಬಳಿ ಬೈಕು ನಿಲ್ಲಿಸಿದ ಹುಡುಗ ಪಕ್ಕದ ಹಳ್ಳಿಯವನು. ಡಬ್ಬ ಕೊಡುವ ಮುನ್ನ ಮೂಗಿಗೆ ಹಿಡಿದ. 'ಏನಣ್ಣ ಇದು, ಸೊಗಡೇ ಇಲ್ವಲ್ಲ' ಎಂದ.

ಅವನು ಒಂದೇ ಮಾತಿನಲ್ಲಿ ಹೇಳಿದ್ದಕ್ಕೆ ನಾನು ಕಾರಣ ಕೊಡಬಲ್ಲೆ. ನಾಟಿ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಜಾತಿ. ಇಬ್ಬನಿ ಕುಡಿದ ಕಾಯಿಗೇ ಸೊಗಡು ಕಟ್ಟುತ್ತದೆ ಎನ್ನುತ್ತಾರೆ ಬೆಳೆಯುವವರು. ಕಾಯಿ ಮುಟ್ಟಿದರೆ ಕೈಗೆ ಅಂಟುವ ಎಣ್ಣೆಯಂಥ ಘಮ ಅದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಸೊಪ್ಪು ಹಾಕುವುದಿಲ್ಲ, ವರ್ಷವಿಡೀ ಕಾಯಿ ಕೊಡುತ್ತವೆ. ಬೆಳೆದವನಿಗೆ ನಾಲ್ಕು ಕಾಸಾದರೆ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಸೊಗಡು ಇಲ್ಲದ್ದಕ್ಕೆ ಸೊಗಡೆಂದು ಹೆಸರಿಟ್ಟು ಮಾಗಡಿಯವನಿಗೇ ಮಾಗಡಿಯನ್ನು ಮಾರಿದ್ದಕ್ಕೆ.

ಇನ್ನೊಂದೂ ಇದೆ. ಲೇಬಲ್ಲಿನ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇತ್ತು, ಪಟ್ಟೆಪಟ್ಟೆ ಸಂಕೇತವಿತ್ತು, ನಗುವ ಅಜ್ಜಿಯಿದ್ದಳು. ಕಾಲು ಕೇಜಿ ಬೇಳೆ ಹಿತಕುವಷ್ಟರಲ್ಲಿ ಬೆರಳ ತುದಿ ನೀರಿನಲ್ಲಿ ಸುಕ್ಕುಗಟ್ಟುತ್ತದೆ, ಹೆಬ್ಬೆರಳ ಉಗುರು ಉರಿಯುತ್ತದೆ. ಯಾವ ಹೆಂಗಸಿನ ಉಗುರು ಅದು? ಅವಳಿಗೆ ಎಷ್ಟು ಕೊಟ್ಟಿರಿ? 'ಕೈಯಲ್ಲಿ ಹಿತಕಿದ್ದು' ಎಂದು ಬರೆದವರಿಗೆ ಕೈ ಬೇಕಿತ್ತು, ಕೈಯ ಒಡತಿ ಬೇಡವಾಗಿದ್ದಳು. ಸಂಕಿರಣದವರೂ ಹಾಗೇ. ರಾಗಿ ಬೇಕಿತ್ತು, ತೆನೆ ಕೊಯ್ದವಳು ಬೇಡವಾಗಿದ್ದಳು. ನಾನೇನು ಬೇರೆಯೇ? ಮನೆಯಲ್ಲಿ ಅಮ್ಮ ನಲವತ್ತು ಪುಷ್ಯ ಹಿತಕಿದಳು. ನಾನು ಎದುರಿಗೆ ಕೂತು ಸಾರು ಸುರಿದುಕೊಂಡೆ. ಒಂದು ದಿನ, ಒಂದು ಹಿಡಿ, 'ತಾ ಇಲ್ಲಿ' ಎಂದು ಇಸಿದುಕೊಳ್ಳಲಿಲ್ಲ.

5. ಉಪಸಂಹಾರ

ಡಬ್ಬ ಬಿಚ್ಚಿ ಬೇಳೆಯನ್ನು ಬೋಗುಣಿಗೆ ಸುರಿದೆ. ಅಮ್ಮ ಕೈಯಾಡಿಸಿದಳು. ಸಿಪ್ಪೆ ಬಿಡದ ಒಂದು ಕಾಳು ಅದು ಹೇಗೋ ಉಳಿದಿತ್ತು. ಸೆಟೆದ ಹೆಬ್ಬೆರಳು, ತೋರುಬೆರಳುಗಳ ನಡುವೆ ಅದನ್ನು ಹಿಡಿದು, ಹಲ್ಲು ಕಚ್ಚಿ ಅಮುಕಿದಳು. ಬೇಳೆ ಚಂಗನೆ ಹಾರಿ ಒಲೆಯ ಸಂದಿಗೆ ಬಿತ್ತು. ಖಾಲಿ ಸಿಪ್ಪೆ ಅವಳ ಬೆರಳಿಗೆ ಅಂಟಿಕೊಂಡಿತ್ತು.

'ಒಂದಾದ್ರೂ ಬಿಟ್ಟಿದ್ರಲ್ಲ ನಂಗೆ' ಎಂದಳು.